ಗಾರೆಯಿಲ್ಲದ ಗೋಡೆಗಳ ಊರು

ಇಟಲಿಯ ವಾಯವ್ಯ ಕರಾವಳಿಗೆ ಲಿಗೂರಿಯಾ ಎಂದು ಹೆಸರು. ಅಲ್ಲಿ ಬೆಟ್ಟಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ಬಯಲೆಂಬುದೇ ಇಲ್ಲ. ಆ ಕಡಿದಾದ ಇಳಿಜಾರಿಗೆ ಅಂಟಿಕೊಂಡ ಐದು ಪುಟ್ಟ ಊರುಗಳ ಸೀಮೆಯೇ ಚಿಂಕ್ವೆ ತೆರ್ರೆ, ಅಂದರೆ ‘ಐದು ನೆಲ’. ರಿಯೊಮಜ್ಜೋರೆ, ಮನರೋಲಾ, ಕೊರ್ನೀಲಿಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಜಿನೋವಾದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಮಗಳನ್ನು ನೋಡಲು ಹೋದವಳು ಅವಳ ಜೊತೆ ಎರಡು ದಿನ ಅಲ್ಲಿ ಸುತ್ತಾಡಿದೆ.

ಊರಿಂದೂರಿಗೆ ರೈಲಿನಲ್ಲಿ ಕೆಲವೇ ನಿಮಿಷ. ಆದರೆ ದಾರಿಯ ಬಹುಪಾಲು ಸುರಂಗ. ಕತ್ತಲು, ಫಳ್ಳನೆ ಒಂದು ತುಣುಕು ನೀಲಿ ಸಮುದ್ರ, ಮತ್ತೆ ಕತ್ತಲು! ಈ ರೈಲು ಬಂದದ್ದು 1870ರ ದಶಕದಲ್ಲಿ. ಅಲ್ಲಿಯತನಕ ಹೊರಜಗತ್ತಿಗೆ ದೋಣಿ ಇಲ್ಲವೇ ಹೇಸರಗತ್ತೆಯ ದಾರಿ. ಕೊರ್ನೀಲಿಯಾಕ್ಕಂತೂ ಬಂದರೂ ಇಲ್ಲ. ಸಮುದ್ರದಿಂದ ನೂರು ಮೀಟರ್ ಮೇಲೆ ಬಂಡೆಯ ನೆತ್ತಿಯಲ್ಲಿ ಕೂತಿದೆ. ನಿಲ್ದಾಣದಿಂದ ಮುನ್ನೂರೆಂಬತ್ತರಷ್ಟು ಮೆಟ್ಟಿಲು ಹತ್ತಬೇಕು. ನನ್ನ ಮಂಡಿ ಅದನ್ನು ಇನ್ನೂ ಮರೆತಿಲ್ಲ. ಅಂದ ಹಾಗೆ, ಹವಾಯಿ ಚಪ್ಪಲಿ ಹಾಕಿಕೊಂಡು ಇಲ್ಲಿನ ಬೆಟ್ಟದ ದಾರಿ ಹಿಡಿದರೆ ದಂಡ ಹಾಕುತ್ತಾರೆ, ಜೋಕೆ.

ಕ್ಯಾಲೆಂಡರಿನಲ್ಲಿ ಕಾಣುವುದು ಗುಲಾಬಿ, ಹಳದಿ, ಕಾವಿ ಬಣ್ಣದ ಮನೆಗಳು. ಆದರೆ ನನ್ನ ಕಣ್ಣು ನೆಟ್ಟದ್ದು ಅವುಗಳ ಹಿಂದಿನ ಗುಡ್ಡದ ಮೇಲೆ. ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಪ್ರತಿ ಮೆಟ್ಟಿಲಿಗೂ ಆಸರೆಯಾಗಿ ಒಂದು ಕಲ್ಲಿನ ಗೋಡೆ. ಸುಮಾರು ಸಾವಿರ ವರ್ಷದಿಂದ ತಲೆಮಾರುಗಳು ಕಟ್ಟುತ್ತ ಬಂದ ಗೋಡೆಗಳಿವು. ಸುಣ್ಣವಿಲ್ಲ, ಸಿಮೆಂಟಿಲ್ಲ. ಕಲ್ಲಿಗೆ ಕಲ್ಲು ಕಚ್ಚಿಸಿ ನಿಲ್ಲಿಸಿದ್ದು. ಯುನೆಸ್ಕೊ 1997ರಲ್ಲಿ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಮನೆಗಳ ಬಣ್ಣ ನೋಡಿಯಲ್ಲ, ಮನುಷ್ಯ ಮತ್ತು ಗುಡ್ಡ ಕೂಡಿ ಮಾಡಿದ ಈ ನೆಲವನ್ನು ನೋಡಿ.

ಮನರೋಲಾದ ಮೇಲೆ ಮುದುಕರೊಬ್ಬರು ಜರಿದ ಗೋಡೆ ಕಟ್ಟುತ್ತಿದ್ದರು. ಮಗಳ ಅರೆಬರೆ ಇಟಾಲಿಯನ್ ಕೇಳಿ ಖುಷಿಯಾಗಿ ಕೆಲಸ ನಿಲ್ಲಿಸಿ ಮಾತಿಗೆ ಕೂತರು. ಗಾರೆ ಏಕಿಲ್ಲವೆಂದರೆ, ಮಳೆನೀರು ಗೋಡೆಯ ಸಂದಿಯಲ್ಲಿ ಜಿನುಗಿ ಹೋಗಬೇಕು. ಮುಂದೆ ದೊಡ್ಡ ಕಲ್ಲು, ಹಿಂದೆ ಜಲ್ಲಿಯಂಥ ಚೂರು ಕಲ್ಲು, ಅದರ ಹಿಂದೆ ಮಣ್ಣು. ನೀರಿಗೆ ದಾರಿ ಸಿಗದಿದ್ದರೆ ಮಣ್ಣು ಉಬ್ಬಿ ಗೋಡೆಯನ್ನೇ ನೂಕುತ್ತದೆ. ಮೇಲಿನದು ಜರಿದರೆ ಕೆಳಗಿನದೂ ಉಳಿಯುವುದಿಲ್ಲ.

ಕಟ್ಟುವವರು ಯಾರು? ಪಕ್ಕದ ಲಾ ಸ್ಪೆಜಿಯಾದಲ್ಲಿ 1869ರಲ್ಲಿ ನೌಕಾಪಡೆಯ ಹಡಗುಕಟ್ಟೆ ಶುರುವಾಯಿತು. ರೈಲೂ ಬಂತು. ಸಂಬಳದ ಕೆಲಸ, ಶಾಲೆ, ಪಟ್ಟಣ ಎಂದು ಮಕ್ಕಳು ಇಳಿದು ಹೋದರು. ಈಚೆಗೆ ಪ್ರವಾಸಿಗಳು ಬಂದ ಮೇಲೆ ಉಳಿದವರಿಗೂ ತೋಟಕ್ಕಿಂತ ಕೋಣೆ ಬಾಡಿಗೆಗೆ ಕೊಡುವುದೇ ಲಾಭ. ತಪ್ಪೆನ್ನಲಾದೀತೆ? ದ್ರಾಕ್ಷಿಯ ಬುಟ್ಟಿಯನ್ನು ಬೆನ್ನ ಮೇಲೆ ಹೊತ್ತು ಆ ಇಳಿಜಾರು ಇಳಿದವರಿಗೇ ಗೊತ್ತು. ಈಗ ಕೆಲವೆಡೆ ಒಂಟಿ ಹಳಿಯ ಮೇಲೆ ಹಲ್ಲುಗಾಲಿಯ ಪುಟ್ಟ ಬಂಡಿ ಹೊರೆ ಸಾಗಿಸುತ್ತದೆ. ಆದರೆ ಗೋಡೆಗೆ ಕಲ್ಲು ಕೂರಿಸುವ ಯಂತ್ರ ಇನ್ನೂ ಬಂದಿಲ್ಲ.

2011ರ ಅಕ್ಟೋಬರ್ 25ರಂದು ಇಲ್ಲಿ ಕೆಲವೇ ಗಂಟೆಗಳಲ್ಲಿ ಭೀಕರ ಮಳೆ ಸುರಿಯಿತು. ಗುಡ್ಡದ ಮಣ್ಣು, ಕಲ್ಲು, ಮರ ಎಲ್ಲ ವೆರ್ನಾತ್ಸಾದ ಒಂದೇ ಬೀದಿಗೆ ನುಗ್ಗಿ, ಅಂಗಡಿಗಳು ಚಾವಣಿವರೆಗೆ ಹೂತುಹೋದವು. ಅಲ್ಲಿ ಮೂವರು ಸತ್ತರು. ಮೊಂತೆರೊಸ್ಸೊದಲ್ಲೂ ಒಂದು ಜೀವ ಹೋಯಿತು. ಅಂಥ ಮಳೆಗೆ ಯಾವ ಗುಡ್ಡವೂ ಬಗ್ಗೀತು, ನಿಜ. ಆದರೆ ಪಾಳುಬಿಟ್ಟ ಮೆಟ್ಟಿಲು ತೋಟಗಳು ಸುಲಭವಾಗಿ ಜರಿಯುತ್ತವೆ ಎಂಬುದೂ ಅಷ್ಟೇ ನಿಜ. ಮರುವರ್ಷವೇ ರಿಯೊಮಜ್ಜೋರೆ–ಮನರೋಲಾ ನಡುವಿನ ಪ್ರಸಿದ್ಧ ‘ಪ್ರೇಮಪಥ’ದ ಮೇಲೆ ಬಂಡೆ ಉರುಳಿತು. ಒಂದು ಕಿಲೋಮೀಟರೂ ಇಲ್ಲದ ಆ ದಾರಿ ಪೂರ್ತಿ ತೆರೆದದ್ದು 2024ರಲ್ಲಿ.

ಮುದುಕರು ಮಗಳನ್ನು ಕೇಳಿದರು: “ನಿಮ್ಮ ಊರಲ್ಲೂ ಇಳಿಜಾರು ಇದೆಯೇ?” ನಮ್ಮದು ಮಲೆನಾಡು, ಅಡಿಕೆ ತೋಟ ಎಂದು ಅವಳು ಕೈಯಾಡಿಸಿ ವಿವರಿಸಿದಳು. “ಹಾಗಾದರೆ ಅಲ್ಲಿ ಯಾರಿದ್ದಾರೆ?” ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಸಮುದ್ರ ನೋಡಿದೆ. ಓದಲು ಕಳಿಸಿದ ತಾಯಿಯೇ ‘ವಾಪಸ್ ಬಾ’ ಎಂದು ಯಾವ ಬಾಯಲ್ಲಿ ಹೇಳಲಿ?

ಮಧ್ಯಾಹ್ನ ಊಟಕ್ಕೆ ಪೆಸ್ತೊ ತಿಂದೆವು. ಕಾಮಕಸ್ತೂರಿಯ ಎಲೆಯನ್ನು ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ ಹಾಕಿ ಅರೆದ ಚಟ್ನಿ ಅದು; ಖಾರ ಒಂದಿಲ್ಲ. ಅರ್ಧ ತಟ್ಟೆಯಾದಾಗ ಮಗಳು ಕೇಳಿದಳು:

“ಅಮ್ಮ, ಕೆಳಗಿನ ತೋಟದ ದರೆ ಈ ಮಳೆಗಾಲದಲ್ಲೂ ಜರಿಯಿತಾ?”

“ಜರಿಯಿತು. ಆಳು ಸಿಗಲಿಲ್ಲ ಅಂತ ಅಪ್ಪ ಹಾಗೇ ಬಿಟ್ಟಿದಾರೆ.”

“ಫೋಟೊ ತೆಗೆದು ಕಳಿಸೋಕೆ ಹೇಳು. ನೀರು ಎಲ್ಲಿಂದ ಬರುತ್ತೆ ಅಂತ ಕಾಣೋ ಹಾಗೆ ತೆಗೀಲಿ.”

ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದೆ.