ಕಡಲಿಗೆ ಕಟ್ಟೆ ಇಲ್ಲ ಅಂದ್ಕೊಂಡಿದ್ದೆ



ಸಂಘಟನೆಯ ತಮ್ಮನೊಬ್ಬ ಫೋನ್ ಮಾಡಿ, "ಏನಣ್ಣಾ, ರಾತ್ರಿ ಹೊತ್ತು ಸಮುದ್ರಕ್ಕೆ ಬೀಳ್ತೀಯಂತೆ, ತಲೆ ಸರಿ ಇದೆಯಾ?" ಅಂದ. ಸರಿ ಇಟ್ಕೊಳ್ಳೋಕೇ ಬೀಳೋದು ಅಂದೆ. ಪುರುಸೊತ್ತಿದ್ರೆ ಓದಿ.

ಕಾರವಾರಕ್ಕೆ ವರ್ಗವಾಗಿ ಬಂದು ಮೂರು ವರ್ಷ. ದೌರ್ಜನ್ಯದ ಕೇಸುಗಳ ಹಿಂದೆ ಓಡಾಡಿ, ಸಾಕ್ಷಿಗಳು ತಿರುಗಿ ಬೀಳೋದು ನೋಡಿ ನೋಡಿ ನಿದ್ದೆ ಕೆಟ್ಟುಹೋಗಿತ್ತು. ಅದೇ ಹೊತ್ತಿಗೆ ಒತ್ತಡ ನಿವಾರಣೆಯ ತರಬೇತಿ ಅಂತ ನಮ್ಮನ್ನೆಲ್ಲ ಒಂದು ದಿನ ಕೂರಿಸಿದ್ರು. ತರಬೇತಿ ಕೊಡೋರು ಒಳ್ಳೆಯವರೇ. "ಕಣ್ಣು ಮುಚ್ಚಿ. ಬಾಲ್ಯದ ನಿಮ್ಮೂರ ಕೆರೆ ನೆನೆಸಿಕೊಳ್ಳಿ. ಮೆಟ್ಟಿಲಿಳಿದು ನಿಧಾನಕ್ಕೆ ನೀರಿಗೆ ಕಾಲಿಡಿ" ಅಂದ್ರು.

ನಾನು ಕಣ್ಣು ಬಿಟ್ಟುಬಿಟ್ಟೆ.

ಬಯಲುಸೀಮೆಯ ನಮ್ಮೂರಲ್ಲಿ ಎಮ್ಮೆ ಇಳಿಯೋ ಕೆರೆಗೆ ನಾವು ಇಳಿಯೋ ಹಾಗಿರಲಿಲ್ಲ. ಅವ್ವ ಬಾವಿಕಟ್ಟೆ ಕೆಳಗೆ ಬಿಂದಿಗೆ ಇಟ್ಕೊಂಡು, ಯಾರಾದ್ರೂ ಸೇದಿ ಹುಯ್ಯಲಿ ಅಂತ ಬಿಸಿಲೇರೋವರೆಗೂ ನಿಂತಿರ್ತಿದ್ಲು. ನಮ್ಮ ಕೇರಿಯ ಒಬ್ಬ ಗಂಡಸಿಗೂ ಈಜು ಬರ್ತಿರಲಿಲ್ಲ. ನೀರು ಕಂಡ್ರೆ ನಮಗೆ ಹೆದರಿಕೆ ಅಂತ ನಾವೇ ಹೇಳ್ಕೋತಿದ್ವಿ. ಹೆದರಿಕೆಯಂತೆ!

ಈಜು ಕಲಿತದ್ದು ನಲವತ್ತು ದಾಟಿದ ಮೇಲೆ. ಕಲಿಸಿದವನು ಹರಿಕಂತ್ರರ ಗೆಳೆಯ. "ಕೈಕಾಲು ಬಡೀಬೇಡಿ ಮಾರಾಯ್ರೆ, ಸಮುದ್ರ ತಾನೇ ಎತ್ತಿ ಹಿಡೀತದೆ" ಅಂತಿದ್ದ.

ಕಡಲಿಗೆ ಕಟ್ಟೆ ಇಲ್ಲ, ಕಾವಲಿಲ್ಲ ಅಂದ್ಕೊಂಡಿದ್ದೆ. ಓದ್ತಾ ಹೋದ ಹಾಗೆ ಅದೂ ಸುಳ್ಳಾಯ್ತು. ಐರ್ಲೆಂಡಿನ ಡಬ್ಲಿನ್ ಹತ್ತಿರ ಫಾರ್ಟಿ ಫೂಟ್ ಅಂತ ಒಂದು ಜಾಗ ಇದೆ. ಚಳಿಗಾಲದಲ್ಲಿ ನೀರು ಹತ್ತು ಡಿಗ್ರಿಗಿಂತ ಕೆಳಗಿದ್ರೂ ಜನ ಬಂಡೆ ಮೇಲಿಂದ ಇಳೀತಾರೆ. ಅಷ್ಟು ತಣ್ಣನೆ ನೀರು ಮೈಗೆ ತಾಕಿದ ಕೂಡಲೇ ಏದುಸಿರು ತಾನಾಗೇ ಕಿತ್ಕೊಂಡು ಬರುತ್ತೆ, ಎದೆ ಬಡ್ಕೊಳ್ಳುತ್ತೆ. ಮೊದಲ ಒಂದೆರಡು ನಿಮಿಷ ಉಸಿರನ್ನ ಹಿಡಿತಕ್ಕೆ ತರೋದೇ ಕೆಲಸ, ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರಲ್ಲ. ಅದನ್ನೇ ಅವರು ಧ್ಯಾನ ಅಂತಾರೆ. (ಹೃದಯದ ತೊಂದರೆ ಇರೋರಿಗೆ ಜೀವಕ್ಕೇ ಅಪಾಯ.) ಆ ಜಾಗಾನೂ ಗಂಡಸರಿಗೆ ಮಾತ್ರ ಅಂತಿತ್ತು; 1974ರಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಹೋಗಿ ನೀರಿಗಿಳಿದು ಪ್ರತಿಭಟಿಸಿದ್ರು. ಅಮೆರಿಕದ ಬಿಲಾಕ್ಸಿಯಲ್ಲಿ 1960ರ ಏಪ್ರಿಲ್ 24ರಂದು ಡಾ. ಗಿಲ್ಬರ್ಟ್ ಮೇಸನ್ ಜೊತೆ ಕಪ್ಪು ಜನ ಬೀಚಿಗೆ ಇಳಿದಾಗ ಬಿಳಿಯರು ದೊಣ್ಣೆ, ಸರಪಳಿ ಹಿಡಿದು ಹೊಡೆದ್ರು. ಇನ್ನು ಮಹಾಡ್ ನಿಮಗೆ ಗೊತ್ತೇ ಇದೆ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಚವದಾರ್ ಕೆರೆಯ ಒಂದು ಬೊಗಸೆ ನೀರು ಕುಡಿದ್ರು. ಹೈಕೋರ್ಟಿನ ತೀರ್ಪು ಬಂದದ್ದು 1937ಕ್ಕೆ. ಒಂದು ಬೊಗಸೆಗೆ ಹತ್ತು ವರ್ಷ.

ಈ ಮೈಂಡ್‌ಫುಲ್‌ನೆಸ್ ಅನ್ನೋದನ್ನ ಈಗ ಆ್ಯಪ್‌ಗಳಲ್ಲಿ ದುಡ್ಡಿಗೆ ಮಾರ್ತಾರೆ. ಮೂಲದಲ್ಲಿ ಅದು ಪಾಲಿಯ ‘ಸತಿ’. ಉಸಿರು ಉದ್ದ ಇದ್ರೆ ಉದ್ದ, ಗಿಡ್ಡ ಇದ್ರೆ ಗಿಡ್ಡ, ಸುಮ್ನೆ ತಿಳ್ಕೋ ಅಂತ ಬುದ್ಧ ಹೇಳಿದ್ದು. ನಮ್ಮ ಮನೆಯ ಸಾಮಾನನ್ನ ನಮಗೇ ರೇಟು ಹಾಕಿ ಕೊಡ್ತಿದಾರೆ.

ಕಾರವಾರದ ನೀರು ಡಿಸೆಂಬರಲ್ಲೂ ಬೆಚ್ಚಗೇ ಇರುತ್ತೆ, ಐರ್ಲೆಂಡಿನ ಹಾಗೆ ಕೊರೆಯಲ್ಲ. ಚಳಿ ಹತ್ತೋದು ಮೇಲೆ ಬಂದಾಗ, ಘಟ್ಟದ ಕಡೆಯ ಗಾಳಿ ಒದ್ದೆ ಮೈಗೆ ಬಡಿದಾಗ. ಕತ್ತಲಲ್ಲಿ ಅಂಗಾತ ತೇಲ್ತೀನಿ. ಕಿವಿ ನೀರೊಳಗೆ, ಕೇಳೋದು ನನ್ನ ಉಸಿರು ಒಂದೇ. ಕೆಲವು ರಾತ್ರಿ ಕೈ ಆಡಿಸಿದ್ರೆ ನೀರು ನೀಲಿಯಾಗಿ ಹೊಳೆಯುತ್ತೆ, ನೊಕ್ಟಿಲುಕ ಅನ್ನೋ ಸೂಕ್ಷ್ಮಜೀವಿಯ ಬೆಳಕಂತೆ. ಒಂದ್ಸಲ ಅವ್ವನ್ನ ಕರ್ಕೊಂಡು ಬಂದಿದ್ದೆ. ಮೊಣಕಾಲುದ್ದ ನೀರಲ್ಲಿ ನಿಂತು, "ಯಾರೂ ಏನೂ ಅನ್ನಲ್ವೇನಪ್ಪಾ?" ಅಂತ ಹಿಂದೆ ತಿರುಗಿ ನೋಡಿದ್ಲು.

ಮಳೆಗಾಲದಲ್ಲಿ ಇಳಿಯಲ್ಲ. ಒಬ್ಬನೇ ಅಂತೂ ಇಳಿಯಲ್ಲ, ನೀವೂ ಇಳೀಬೇಡಿ. ಹಾಸ್ಟೆಲಿನ ನಾಲ್ಕು ಹುಡುಗರು, ಇಬ್ಬರು ಹುಡುಗಿಯರು ಕಲೀತೀವಿ ಅಂತ ಹೆಸರು ಕೊಟ್ಟಿದ್ದಾರೆ. ಅವರಿಗೆ ಮೊದಲು ಹಗಲಲ್ಲಿ, ಸೊಂಟದ ನೀರಲ್ಲಿ. ಹಳೇ ಟಯರ್ ಟ್ಯೂಬ್ ಇದ್ದೋರು ತಂದುಕೊಡಿ.