ಹೊಳೆಚುಳ್ಳಿ: ಒಡ್ಡಿನ ಹೊರಗೆ ಬೇಕು, ಒಳಗೆ ಬೇಡ

ಒಡ್ಡಿಗೆ ಮಣ್ಣು ಹಾಕುವ ಕಾಲ ಬಂತು. ಈ ಸಲ ಜೆಸಿಬಿ ತರಿಸಿ ಹೊಳೆ ಬದಿಯ ಚುಳ್ಳಿಮಟ್ಟಿ ಪೂರಾ ಸವರಿಬಿಡುವ ಅಂತ ನಮ್ಮ ಗಜನಿಯಲ್ಲಿ ಮಾತು ನಡೀತಾ ಇದೆ. ನಾನು ಬೇಡ ಅಂದೆ. ಯಾಕೆ ಅಂತ ಬರೀತೇನೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಕಡೆ ಉಪ್ಪುನೀರಿನ ಅಂಚಲ್ಲಿ ಗದ್ದೆ ಇದ್ದವರಿಗೆ ಇದು ಬೇಕಾದ ವಿಷಯ.

ಮೊದಲು ಗಿಡದ ಗುರುತು. ಸಿಹಿನೀರಿನ ಗದ್ದೆಯಂಚಲ್ಲಿ ಗಂಟು ಗಂಟಿಗೆ ಉದ್ದ ಮುಳ್ಳು ಬಿಡುವ ಕೊಳವಳಿಕೆ ಬೇರೆ. ಹೊಳೆಚುಳ್ಳಿಗೆ ಎಲೆಯ ಅಂಚೇ ಮುಳ್ಳು. ಎದೆಮಟ್ಟ ಬೆಳೀತದೆ, ನೀಲಿ ಹೂ. ದೊಡ್ಡ ಮರದ ನೆರಳಲ್ಲಿದ್ದರೆ ಎಲೆಯಲ್ಲಿ ಮುಳ್ಳು ಕಡಿಮೆ. ಅದನ್ನು ನೋಡಿ ಬೇರೆ ಗಿಡ ಅಂತ ವಾದ ಮಾಡಿದವರೂ ಇದ್ದಾರೆ.

ಇದು ಕಾಂಡ್ಲಾದ ಹಾಗೆ ನಡುಹೊಳೆ ಕಡೆ ಹೋಗುವುದಿಲ್ಲ. ಭರತದ ನೀರು ಮುಟ್ಟಿ ಹೋಗುವ ಕೆಸರು, ಮೇಲಿಂದ ಸ್ವಲ್ಪ ಸಿಹಿನೀರು ಸೇರುವ ಅಂಚು, ಅದೇ ಇದರ ಜಾಗ. ಬಗ್ಗಿದ ಕಾಂಡ ಕೆಸರಿಗೆ ತಾಗಿದಲ್ಲಿ ಬೇರು ಬಿಡ್ತದೆ. ಬುಡದಿಂದ ಊರುಗೋಲಿನ ಹಾಗೆ ಬೇರು ಇಳೀತದೆ. ಹಾಗಾಗಿ ಒಡ್ಡಿನ ಪಾದ ಹಿಡಿದು ನಿಲ್ಲುವುದಕ್ಕೆ ಇಷ್ಟು ಅಗ್ಗದ ಆಳು ಬೇರೆ ಸಿಕ್ಕುವುದಿಲ್ಲ. ಹೋದ ಮಳೆಗಾಲ ಪಕ್ಕದ ಗಜನಿಯಲ್ಲಿ ಮಣ್ಣು ಜಾರಿದ್ದು ಬುಡ ಸಮೇತ ಕಿತ್ತ ಜಾಗದಲ್ಲೇ. ಮಟ್ಟಿ ಇದ್ದ ಕಡೆ ಒಡ್ಡು ಹಾಗೇ ಇತ್ತು.

ಈ ಗಿಡ ಉಪ್ಪು ಕುಡಿದು ಎಲೆಯಿಂದ ಹೊರಗೆ ಹಾಕ್ತದೆ. ಬೇಸಿಗೆಯಲ್ಲಿ ಎಲೆ ನೆಕ್ಕಿ ನೋಡಿ (ಅಂಚು ಬಿಟ್ಟು, ಮಾರಾಯ್ರೆ). ಅಘನಾಶಿನಿಗೆ ದೊಡ್ಡ ಅಣೆಕಟ್ಟೆ ಇಲ್ಲ, ಬೇಸಿಗೆಗೆ ಸಮುದ್ರದ ಉಪ್ಪು ದೂರದವರೆಗೆ ಏರ್ತದೆ. ನಮ್ಮಲ್ಲಿ ಎಲೆ ಮೇಲೆ ಬಿಳಿ ಪುಡಿಯೇ ಕಾಣ್ತದೆ. ಹೊನ್ನಾವರದ ನೆಂಟರ ಮನೆ ಹತ್ತಿರ ಅಷ್ಟಿಲ್ಲ. 1964ರಲ್ಲಿ ಲಿಂಗನಮಕ್ಕಿ ಆದಮೇಲೆ ಕರೆಂಟು ತೆಗೆದ ನೀರು ಬೇಸಿಗೆಯಲ್ಲೂ ಶರಾವತಿಗೆ ಇಳೀತದಲ್ಲ, ಅಳಿವೆಯ ಉಪ್ಪೇ ಕಡಿಮೆ. ಎರಡೂ ಕಡೆ ಚುಳ್ಳಿ ಬದುಕಿದೆ, ನಮ್ಮ ಭತ್ತ ಹಾಗಲ್ಲ.

ಇಲ್ಲೇ ನಮಗೆ ಉಪಯೋಗ ಇರುವುದು. ಒಡ್ಡಿನ ಒಳಗೆ, ಗದ್ದೆ ಬದಿಯಲ್ಲಿ ಚುಳ್ಳಿ ಎದ್ದರೆ ಸುಮ್ಮನೆ ಕೊಯ್ದು ಬರಬೇಡಿ. ಒಣಗಿದ ಕಾಯಿ ಸಿಡಿದು ಬೀಜ ಹಾರ್ತದೆ, ಒಂದೆರಡು ಗಿಡ ಹಾಗೆ ಬಂದಿರಬಹುದು. ಆದರೆ ಸಾಲಾಗಿ ಎದ್ದು, ಎಲೆ ಮೇಲೆ ಉಪ್ಪೂ ಇದ್ದರೆ ಅಲ್ಲಿ ಹೊಳೆ ನೀರು ಜಿನುಗ್ತಾ ಇದೆ ಅಂತಲೇ ನನ್ನ ಲೆಕ್ಕ. ಏಡಿ ತೂತು ಹುಡುಕಿ, ಜಂತ್ರಡಿಯ ಹಲಗೆ ನೋಡಿ. ಕಗ್ಗ ಉಪ್ಪು ತಡೀತದೆ ನಿಜ, ಆದರೆ ಮಳೆ ನೀರಲ್ಲಿ ಉಪ್ಪು ತೊಳೆದು ಹೋದಮೇಲೆ ಬಿತ್ತುವ ಭತ್ತ ಅದು. ಮೊಳಕೆಗೆ ಜಿನುಗು ಬಿದ್ದರೆ ಕಗ್ಗವೂ ಕೈ ಕೊಡ್ತದೆ.

ಚುಳ್ಳಿ ಒಳ್ಳೆಯದೇ ಅಂತ ಪೂಜೆ ಮಾಡಬೇಕಾಗಿಲ್ಲ. ತುಂಬಾ ದಟ್ಟವಾದರೆ ಬೇರೆ ಸಸಿ ಏಳುವುದಕ್ಕೆ ಬಿಡುವುದಿಲ್ಲ, ಬಾಗಿಲ ಹತ್ತಿರ ನೀರಿಗೂ ಅಡ್ಡ. ಆದರೆ ಹೊರಗಿನ ಮಟ್ಟಿಗೆ ಜೆಸಿಬಿ ಬೇಡ. ಕಾಂಡ್ಲಾ ಇರುವ ಜಾಗ ಸಿಆರ್‌ಝಡ್‌ನಲ್ಲಿ ಮೊದಲನೇ ವರ್ಗ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಮಷೀನು ಇಳಿಸಿ ಕೇಸು ಹಾಕಿಸ್ಕೊಳ್ಳುವುದು ಯಾಕೆ?

ಹೊರಗೆ ಬರಿದಾದ ಜಾಗ ಇದ್ದರೆ ಎರಡು ಮೂರು ಗಂಟಿನ ಬಲಿತ ಕಾಂಡ ತುಂಡು ಮಾಡಿ, ಜೂನಿನಲ್ಲಿ ನೀರಿನ ಉಪ್ಪು ಇಳಿದಮೇಲೆ ಕೆಸರಿಗೆ ಓರೆಯಾಗಿ ಊರಿ. ಒಳಗಿನದ್ದನ್ನು ಕಾಯಿ ಒಣಗುವ ಮೊದಲೇ ಬೇರು ಸಮೇತ ಕಿತ್ತು ಒಣ ಜಾಗಕ್ಕೆ ಹಾಕಿ. ಕೊಯ್ದ ಕೋಲನ್ನು ಗದ್ದೆ ಕೆಸರಲ್ಲೇ ಬಿಟ್ಟರೆ ಮತ್ತೆ ಚಿಗುರ್ತದೆ.