ಹೆದರಿಕೆ ಯಾರದು? ಮಣ್ಣಗುಡ್ಡದ ಟಿಪ್ಪಣಿಗಳು

1
ಹೋಮೋಫೋಬಿಯಾ ಎಂಬ ಪದವನ್ನು ಕನ್ನಡದಲ್ಲಿ ಮೂರು ಬಗೆಯಾಗಿ ಓದಿದ್ದೇನೆ. ಸಲಿಂಗಕಾಮ ಭೀತಿ, ಸಲಿಂಗಿ ದ್ವೇಷ, ಇನ್ನೊಂದು ಹೋಮೋಫೋಬಿಯಾ ಎಂದೇ. ಒಂದರಲ್ಲಿ ಭಯ, ಒಂದರಲ್ಲಿ ಹಗೆ.

2
ಗ್ರೀಕಿನಲ್ಲಿ ಹೋಮೋಸ್ ಎಂದರೆ ಒಂದೇ ತೆರನಾದದ್ದು. ಫೋಬೋಸ್ ಎಂದರೆ ಹೆದರಿಕೆ. ಕೂಡಿಸಿದರೆ, ತನ್ನಂಥದ್ದಕ್ಕೆ ಹೆದರುವುದು.

3
ಹುಚ್ಚುನಾಯಿ ಕಡಿತದಿಂದ ಬರುವ ಜಲಭೀತಿಯಲ್ಲಿ ನೀರು ಕಂಡರೆ ರೋಗಿಯ ಗಂಟಲು ಬಿಗಿಯುತ್ತದೆ. ಲೋಟವನ್ನು ದೂರ ತಳ್ಳುತ್ತಾನೆ. ನೀರನ್ನು ಹುಡುಕಿಕೊಂಡು ಹೋಗಿ ಬಯ್ಯುವುದಿಲ್ಲ.

4
ಹೋಮೋಫೋಬಿಯಾ ಪದ ಕಟ್ಟಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ವೈನ್‌ಬರ್ಗ್, 1960ರ ದಶಕದಲ್ಲಿ. ಅಲ್ಲಿಯವರೆಗೆ ಹೆಚ್ಚಿನವರು ಸಲಿಂಗಿಗಳಿಗೆ ಏನು ರೋಗ ಎಂದು ಕೇಳುತ್ತಿದ್ದರು. ಅವರನ್ನು ಕಂಡರೆ ಮುಖ ಸಿಂಡರಿಸುವವರಿಗೆ ಏನಾಗಿದೆ ಎಂದು ವೈನ್‌ಬರ್ಗ್ ಕೇಳಿದರು. ಪದ 1969ರಲ್ಲಿ ಅಚ್ಚಾಯಿತು, 1972ರಲ್ಲಿ ಅವರ ಪುಸ್ತಕಕ್ಕೆ ಬಂತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಹೋಮೋಫೋಬಿಯಾ ಆ ಪಟ್ಟಿಗೆ ಸೇರಲೇ ಇಲ್ಲ.

5
2012ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ವರದಿಗಾರರಿಗೆ ಈ ಪದ ಬೇಡವೆಂದಿತು. ಫೋಬಿಯಾ ಎಂದರೆ ಕಾಯಿಲೆ, ಯಾರಿಗೆ ಕಾಯಿಲೆ ಇದೆಯೆಂದು ಪತ್ರಕರ್ತನಿಗೆ ಹೇಗೆ ಗೊತ್ತು ಎಂಬುದು ಕಾರಣ.

6
ಮಂಗಳೂರಿನ ಮಣ್ಣಗುಡ್ಡದ ಸೆಲೂನಿನಲ್ಲಿ ಇದೇ ಮಾತು ಬಂತು. ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ. ಪೋಡಿಗೆಯಾ ಎಂದು ಕೇಳಿದೆ. "ಪೋಡಿಗೆ ಅಲ್ಲ, ಹೇಸಿಗೆ" ಎಂದರು ಪಕ್ಕದ ಕುರ್ಚಿಯವರು.
ಹೆದರಿಕೆ, ಹೇಸಿಗೆ. ಬರೆದು ನೋಡಿದೆ.

7
ಬಸ್‌ಸ್ಟಾಪಿನಲ್ಲಿ ಇಬ್ಬರು ಹುಡುಗರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ ನಿಂತಿದ್ದರು. ಯಾರೂ ನೋಡುತ್ತಿರಲಿಲ್ಲ. ಮೂರನೆಯವನು ಬಂದು "ಎಂತ ಮಾರಾಯ, ಲವ್ವಾ?" ಎಂದ. ಬೆರಳು ಬಿಟ್ಟರು. ಬಸ್ಸು ಬರುವವರೆಗೂ ಇಬ್ಬರೂ ಕೈ ಕಟ್ಟಿಕೊಂಡೇ ಇದ್ದರು.

8
ನಮ್ಮ ತರಗತಿಯಲ್ಲಿ ಒಬ್ಬನ ಹಾಜರಿ ಸಂಖ್ಯೆ 9. ನಡಿಗೆ ಮೃದು, ಸ್ವರ ಸಣ್ಣದು. ಮೇಷ್ಟ್ರು "ಒಂಬತ್ತು" ಎಂದಾಗ ಇಡೀ ತರಗತಿ ನಗುತ್ತಿತ್ತು. ನಾನೂ ನಗುತ್ತಿದ್ದೆ. ಸ್ವಲ್ಪ ದಿನಗಳಲ್ಲಿ ಅವನು "ಪ್ರೆಸೆಂಟ್ ಸರ್" ಹೇಳುವುದನ್ನು ಬಿಟ್ಟು ಕೈ ಎತ್ತತೊಡಗಿದ.
ಆ ಅಂಕಿ ಬೈಗುಳವೆಂದು ನಮಗೆ ಯಾರು ಕಲಿಸಿದರು? ನೆನಪಿಲ್ಲ. ಮಗ್ಗಿಗಿಂತ ಮೊದಲೇ ಕಲಿತಿದ್ದೆವೇನೋ.

9
ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. ಅದಕ್ಕೆ 25 ವರ್ಷ ಮೊದಲು, 1869ರಲ್ಲಿ, ಕಿಟ್ಟೆಲರ ತಾಯ್ನುಡಿ ಜರ್ಮನ್‌ನಲ್ಲೇ ಹೋಮೋಸೆಕ್ಸುಯಲ್ ಎಂಬ ಬಗೆಯ ಪದ ಮೊದಲ ಸಲ ಅಚ್ಚಾಗಿತ್ತು. ಆ ಪದವಿದ್ದ ಕರಪತ್ರ ಬರೆದವರು ಕಾರ್ಲ್ ಮಾರಿಯಾ ಕೆರ್ಟ್‌ಬೆನಿ. ಅದರಲ್ಲಿ ತಮ್ಮ ಹೆಸರು ಹಾಕಿರಲಿಲ್ಲ.

10
ತುಳುನಾಡಿನ ಜುಮಾದಿ ದೈವಕ್ಕೆ ಮೀಸೆಯೂ ಇದೆ, ಮೊಲೆಯೂ ಇದೆ. ಕೋಲದಲ್ಲಿ ಎಲ್ಲರೂ ಕೈ ಮುಗಿಯುತ್ತಾರೆ.

11
ವಸುಧೇಂದ್ರರ ಸಲಿಂಗಿ ಕಥೆಗಳ ಸಂಕಲನ 'ಮೋಹನಸ್ವಾಮಿ' 2013ರಲ್ಲಿ ಬಂತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನನ್ನು ಉಳಿಸಿತು. ಸಮ್ಮತಿಯ ಸಂಬಂಧ ಅಪರಾಧವಲ್ಲ ಎನ್ನಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು.
ಪುಸ್ತಕದ ನನ್ನ ಪ್ರತಿಯನ್ನು ಓದಲು ಒಯ್ದವರು ಪೇಪರಿನ ಹೊದಿಕೆ ಹಾಕಿ ಹಿಂದಿರುಗಿಸಿದರು. ರಟ್ಟು ಹರಿದಿರಲಿಲ್ಲ.

12
ಮನೆ ಖಾಲಿ ಮಾಡಲು ಹೇಳಿದ ಮಾಲೀಕರ ಮಾತು: "ಇಬ್ಬರೂ ಒಳ್ಳೆಯ ಹುಡುಗರೇ. ಒಂದು ತಿಂಗಳೂ ಬಾಡಿಗೆ ತಪ್ಪಿಸಿದವರಲ್ಲ. ನನಗೆ ಹೆದರಿಕೆ ಎಂತದೂ ಇಲ್ಲ. ನಾಲ್ಕು ಜನ ಎಂತ ಹೇಳಿಯಾರು?"
ಬಲಬದಿಯ ಮನೆಗೆ ಬೀಗ. ಎಡಬದಿಯವರು ದುಬೈಯಲ್ಲಿದ್ದಾರೆ.

13
ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ 2021ರಲ್ಲಿ ಜೊತೆಯಾಗಿ ಬಾಳಲು ಬಯಸಿದ ಇಬ್ಬರು ಯುವತಿಯರ ಪ್ರಕರಣದ ನಡುವೆ ಒಬ್ಬ ಮನಶ್ಶಾಸ್ತ್ರಜ್ಞೆಯ ಬಳಿ ಹೋಗಿ ಕುಳಿತರು. ತಮಗೆ ಸಲಿಂಗ ಸಂಬಂಧದ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ಕೋರ್ಟಿನ ಆದೇಶದಲ್ಲೇ ಬರೆದರು. ಆ ಪುಟಗಳನ್ನು ಎರಡು ಸಲ ಓದಿದೆ. ಮರುವರ್ಷ ತಮಿಳುನಾಡು ಸರ್ಕಾರ ಇಂಥವರ ಬಗ್ಗೆ ಯಾವ ಪದ ಬಳಸಬೇಕೆಂದು ತಮಿಳಿನಲ್ಲಿ ಪಟ್ಟಿ ಪ್ರಕಟಿಸಿತು.

14
ಹಾಗಾದರೆ ಹೋಮೋಫೋಬಿಯಾಕ್ಕೆ ಕನ್ನಡದಲ್ಲಿ ಏನು ಹೇಳುವುದು? ಸ್ನೇಹಿತನನ್ನು ಕೇಳಿದೆ. ಅವನು ಇದನ್ನು ಬಾಳಿ ಬಲ್ಲವನು. ವಯಸ್ಸು 41. ಅವನ ಮನೆಯ ಜಗಲಿಯಲ್ಲಿ ಕುಳಿತಿದ್ದೆವು.
"ಮೆಲ್ಲ ಮಾತಾಡು ಮಾರಾಯ, ಅಮ್ಮ ಒಳಗಿದ್ದಾರೆ" ಎಂದ.